ಸ್ಕ್ಯಾನ್ ಸುಲಭ, ಹೆಸರು ಬರೆಯುವುದೇ ಕೆಲಸ

ಸರ್, ಹಳೆಯ ಡಚ್ ಪ್ರವಾಸಿ ಲಿನ್ಸ್‌ಖೋಟೆನ್ ಬರೆದ ಪುಸ್ತಕದ ನಾಲ್ಕು ಬಿಡಿ ಚಿತ್ರದ ಹಾಳೆ ಸಿಕ್ಕಿವೆ, ಎಲ್ಲರಿಗೂ ಸಿಗುವ ಹಾಗೆ ನೆಟ್‌ಗೆ ಹಾಕಬೇಕು, ಯಾವ ಸ್ಕ್ಯಾನರ್ ಒಳ್ಳೆಯದು ಎಂದು ಕೇಳಿದ್ದೀರಿ. ಸ್ಕ್ಯಾನರ್ ಚಿಂತೆ ಬಿಡಿ. ಗಾಜಿನ ಮೇಲೆ ಹಾಳೆ ಇಟ್ಟು ಮುಚ್ಚುವ ಮನೆಯ ಫ್ಲಾಟ್‌ಬೆಡ್ ಸಾಕು. 600 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಎಂಬ ಲೆಕ್ಕ) ಇಡಿ, ಮೂಲ ಫೈಲ್ ಚಿತ್ರದ ಗುಣ ಕೆಡದ ಟಿಫ್ ರೂಪದಲ್ಲೇ ಇರಲಿ. ಹಾಳೆ ದೊಡ್ಡದಿದ್ದರೆ ಮಡಚಬೇಡಿ, ಎರಡು ಸಲ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಜೋಡಿಸಿ.

ಅಂಚು ಮಾತ್ರ ಕತ್ತರಿಸಬೇಡಿ. ಒಮ್ಮೆ ನಾನು ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿದೆ. ಹುಡುಗ ‘ನೀಟ್ ಮಾಡಿದೀನಿ ಸರ್’ ಎಂದು ಕೆಳಗಿನ ಸಾಲನ್ನೇ ಹಾರಿಸಿಬಿಟ್ಟಿದ್ದ, ಅಚ್ಚಿಗಾಗಿ ಚಿತ್ರ ಕೆತ್ತಿದವನ ಹೆಸರು ಇದ್ದದ್ದೇ ಅಲ್ಲಿ! ಹಾಳೆಯ ಹಿಂಭಾಗವನ್ನೂ ಸ್ಕ್ಯಾನ್ ಮಾಡಿ. ಲಿನ್ಸ್‌ಖೋಟೆನ್ ಗೋವಾದಲ್ಲಿ ಆರ್ಚ್‌ಬಿಷಪ್ ಬಳಿ ಕಾರ್ಯದರ್ಶಿಯಾಗಿದ್ದವನು, ಪುಸ್ತಕ ಬಂದದ್ದು 1596ರಲ್ಲಿ, ಡಚ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟುವುದಕ್ಕೆ ಆರು ವರ್ಷ ಮೊದಲು. ಆಮೇಲೆ ಜರ್ಮನಿಯಲ್ಲಿ ಡಿ ಬ್ರೈ ಎಂಬ ಮುದ್ರಕರ ಮನೆತನದವರು ಅದೇ ಚಿತ್ರಗಳನ್ನು ನೋಡಿ ಮತ್ತೆ ಕೆತ್ತಿ ಅಚ್ಚು ಹಾಕಿದರು. ಹೀಗಾಗಿ ನಿಮ್ಮದು ಮೂಲವೋ ನಕಲೋ ಎಂದು ಮೊದಲು ನೋಡಬೇಕು, ಸುಮ್ನೆ 1596 ಎಂದು ಬರೆದುಬಿಡಬೇಡಿ.

ಹಾಕುವುದಕ್ಕೆ ವಿಕಿಮೀಡಿಯ ಕಾಮನ್ಸ್ ಸಾಕು, ಯಾರು ಬೇಕಾದರೂ ಬಳಸಬಹುದಾದ ಚಿತ್ರಗಳನ್ನು ಇಡುವ ಸೈಟ್ ಅದು. ಇಷ್ಟು ಹಳೆಯ ಚಿತ್ರಕ್ಕೆ ಕಾಪಿರೈಟ್ ತೊಂದರೆ ಇಲ್ಲ.

ನಿಜವಾದ ಕೆಲಸ ವಿವರ ಬರೆಯುವುದರಲ್ಲಿದೆ. ನಾನು ಮೊದಲ ಸಲ ‘ಹಳೆ ಹಡಗು 1’, ‘ಹಳೆ ಹಡಗು 2’ ಎಂದು ಹಾಕಿದ್ದೆ, ಎರಡು ವರ್ಷ ಒಂದು ನಾಯಿಯೂ ಮೂಸಲಿಲ್ಲ. ಹುಡುಕುವವರು ಊರಿನ ಹೆಸರು ಹಾಕಿ ಹುಡುಕುತ್ತಾರೆ ಅಲ್ವಾ? ಆದರೆ ಆ ಕಾಲದವರು ಹೊನ್ನಾವರವನ್ನು ಓನೋರ್ ಎಂದು ಬರೆದರು, ನಮ್ಮ ಬಸ್ರೂರನ್ನು ಬಾರ್ಸೆಲೋರ್ ಮಾಡಿದರು. ಹಾಳೆಯಲ್ಲಿ ಊರಿನ ಹೆಸರಿದ್ದರೆ ಹಳೆಯ ಕಾಗುಣಿತ, ಇವತ್ತಿನ ಹೆಸರು ಎರಡನ್ನೂ ಹಾಕಿ. ಕನ್ನಡದಲ್ಲೂ ಒಂದು ಸಾಲು ಇರಲಿ, ಅದಕ್ಕೆ ಕಾಮನ್ಸ್‌ನಲ್ಲಿ ಬೇರೆ ಜಾಗವೇ ಇದೆ. ಹಾಳೆಯ ಮೇಲಿನ ಲ್ಯಾಟಿನ್, ಡಚ್ ಬರಹವನ್ನೂ ಹಾಗೆಯೇ ಟೈಪ್ ಮಾಡಿ, ತಪ್ಪು ಕಂಡರೂ ತಿದ್ದಬೇಡಿ.

ಕಣ್ಣು ಕಾಣದವರು ಫೋನಿನಿಂದ ಓದಿಸಿಕೊಂಡು ಕೇಳುತ್ತಾರೆ, ಅವರಿಗೆ ‘ಗೋವಾದ ಚಿತ್ರ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಪಲ್ಲಕ್ಕಿ ಇದ್ದರೆ ಒಳಗೆ ಯಾರು, ಹೊತ್ತವರು ಎಷ್ಟು ಜನ, ಛತ್ರಿ ಯಾರ ಕೈಯಲ್ಲಿದೆ, ಅಷ್ಟನ್ನೂ ಬರೆಯಿರಿ. ಇನ್ನೊಂದು ಮಾತು. ಇಂಥ ಚಿತ್ರಗಳ ಹಳೆಯ ಶೀರ್ಷಿಕೆಯಲ್ಲಿ ಸಾಮಾನ್ಯವಾಗಿ ಕೂತ ಸಾಹೇಬನ ಬಗ್ಗೆ ಮಾತ್ರ ಇರುತ್ತದೆ, ಹೊತ್ತವರು ಲೆಕ್ಕಕ್ಕೇ ಇರುವುದಿಲ್ಲ. ಗೋವಾದಲ್ಲಿ ಗುಲಾಮರ ಕೈಯಲ್ಲೂ ಪಲ್ಲಕ್ಕಿ ಹೊರಿಸುತ್ತಿದ್ದರು, ಅದನ್ನು ನಿಮ್ಮ ಮಾತಿನಲ್ಲಿ ಸೇರಿಸಿ. ಮೂಲ ಶೀರ್ಷಿಕೆ ಬೇರೆ, ನಿಮ್ಮ ವಿವರಣೆ ಬೇರೆ ಎಂದು ಗೊತ್ತಾಗುವ ಹಾಗಿರಲಿ, ಅಷ್ಟೆ.

ಹಾಕುವ ಮೊದಲು ಆಮ್‌ಸ್ಟರ್‌ಡ್ಯಾಂನ ರೈಕ್ಸ್‌ಮ್ಯೂಸಿಯಂ ಸೈಟ್ ಒಮ್ಮೆ ನೋಡಿ. 2012ರಿಂದ ಅವರು ದೊಡ್ಡ ಸೈಜಿನ ಚಿತ್ರಗಳನ್ನು ಪುಕ್ಕಟೆ ಕೊಡುತ್ತಿದ್ದಾರೆ, ನಿಮ್ಮದೇ ಚಿತ್ರ ಅಲ್ಲಿದ್ದರೂ ಇರಬಹುದು. ಇದ್ದರೂ ನಿಮ್ಮ ಪ್ರತಿ ಹಾಕಿ. ಬಣ್ಣ, ಕಲೆ, ಹಿಂಬದಿಯ ಬರಹ ಒಂದೊಂದು ಪ್ರತಿಯಲ್ಲಿ ಒಂದೊಂದು ಥರ ಇರುತ್ತದೆ.

ಸದ್ಯಕ್ಕೆ ನಾಲ್ಕೂ ಹಾಳೆಯ ಹಿಂಭಾಗದ ಫೋಟೋ ಇಲ್ಲಿ ಹಾಕಿ ಸರ್, ಯಾವ ಮುದ್ರಣ ಎಂದು ನೋಡೋಣ.