ಮೌಂಟನ್ ಬೈಕ್‌ಗೆ ಡ್ರಾಪರ್ ಪೋಸ್ಟ್ ಆರಿಸುವುದು ಹೇಗೆ? ನಾನು ತೀರ್ಥಹಳ್ಳಿ ಕಡೆ ಓಡಿಸುತ್ತೇನೆ.

ಡ್ರಾಪರ್ ಪೋಸ್ಟ್ ಅಂದರೆ ಓಡಿಸುತ್ತಲೇ ಹ್ಯಾಂಡಲ್‌ನ ಲಿವರ್ ಒತ್ತಿ ಸೀಟು ಇಳಿಸಿ ಏರಿಸಬಹುದಾದ ಸೀಟಿನ ಕಂಬ. ಮೊದಲು ಅಳತೆ, ಆಮೇಲೆ ಬ್ರ್ಯಾಂಡ್. ಈಗಿರುವ ಸೀಟ್ ಪೋಸ್ಟ್ ಹೊರಗೆಳೆದು ನೋಡಿ. ಕೆಳಭಾಗದಲ್ಲಿ ಸಾಮಾನ್ಯವಾಗಿ 27.2, 30.9 ಅಥವಾ 31.6 ಅಂತ ಇರುತ್ತದೆ. ಅದು ಮಿಲಿಮೀಟರ್ ಲೆಕ್ಕದಲ್ಲಿ ದಪ್ಪ. ಹೊಸದೂ ಅದೇ ಇರಬೇಕು.

ಮುಖ್ಯ ಲೆಕ್ಕ ಟ್ರಾವೆಲ್‌ನದು, ಅಂದರೆ ಸೀಟು ಎಷ್ಟು ಕೆಳಗಿಳಿಯುತ್ತದೆ ಅನ್ನೋದು. ನಿಮಗೆ ತುಳಿಯಲು ಹಿತವಾದ ಎತ್ತರಕ್ಕೆ ಸೀಟು ಇಟ್ಟು, ಪೋಸ್ಟನ್ನು ಬಿಗಿಹಿಡಿಯುವ ಫ್ರೇಮಿನ ಕ್ಲ್ಯಾಂಪ್‌ನಿಂದ ಸೀಟಿನ ಅಡಿಯ ಕಂಬಿಯವರೆಗೆ ಅಳೆಯಿರಿ. 20 ಸೆಂ.ಮೀ. ಬಂತು ಅನ್ನಿ. ಪೋಸ್ಟಿನ ತಲೆ, ಕಾಲರ್ (ಕ್ಲ್ಯಾಂಪ್ ಮೇಲೆ ಕೂರುವ ದಪ್ಪ ಉಂಗುರ) ಸೇರಿ ಸುಮಾರು 5 ಸೆಂ.ಮೀ. ಹೋಗುತ್ತದೆ. ಉಳಿದದ್ದು 15 ಸೆಂ.ಮೀ., ಅಂದರೆ 150 ಮಿ.ಮೀ. ಟ್ರಾವೆಲ್. ಅದಕ್ಕಿಂತ ಜಾಸ್ತಿ ತಗೊಂಡರೆ ಸೀಟು ತೀರಾ ಎತ್ತರವಾಗಿ ಪೆಡಲ್‌ಗೆ ಕಾಲು ಸರಿಯಾಗಿ ಎಟುಕಲ್ಲ. ಕೊಳವೆಯೊಳಗೆ ಎಷ್ಟು ಆಳ ಹೋಗುತ್ತದೆ ಅಂತಲೂ ನೋಡಿ. ಬಾಟಲಿ ಸ್ಕ್ರೂ ಅಥವಾ ಫ್ರೇಮಿನ ಬಾಗು ಅಡ್ಡ ಬರಬಹುದು.

ನಮ್ಮ ಕಡೆ ತೋಟದ ಧರೆ ಇಳಿಯುವಾಗ ಪಾಚಿ ಹಿಡಿದ ಜಂಬಿಟ್ಟಿಗೆ ಕಲ್ಲಿನ ಮೇಲೆ ಚಕ್ರ ಜಾರುತ್ತದೆ. ಆಗ ಸೊಂಟ ಹಿಂದಕ್ಕೆ ತಗ್ಗಿಸಲು ಜಾಗ ಬೇಕೇ ಬೇಕು. ಹಾಗಾಗಿ ಅಳತೆಗೆ ಕೂರುವಷ್ಟೂ ಟ್ರಾವೆಲ್ ತಗೊಳ್ಳಿ, ಸುಮ್ನೆ 100ಕ್ಕೆ ನಿಲ್ಲಬೇಡಿ.

ಲಿವರ್‌ನಿಂದ ಪೋಸ್ಟಿಗೆ ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್‌ಗಿಂತ ತಂತಿ ಎಳೆಯುವ ಕೇಬಲ್‌ನದೇ ನನಗೆ ಇಷ್ಟ. ಅದಕ್ಕೆ ಬೇಕಿರುವುದು ಗೇರ್ ಕೇಬಲ್ ಅಷ್ಟೇ, ಶಿವಮೊಗ್ಗದ ಸೈಕಲ್ ಅಂಗಡಿಯಲ್ಲೇ ಸಿಗುತ್ತದೆ ಅಲ್ವಾ! ಮಳೆಗಾಲದಲ್ಲಿ ಪ್ರತಿ ಸಲ ಓಡಿಸಿದ ಮೇಲೆ ಪೋಸ್ಟಿನೊಳಗೆ ಕೊಳೆ ಹೋಗದಂತೆ ತಡೆಯುವ ಸೀಲ್ ಸುತ್ತ ಕೂತ ಕೆಮ್ಮಣ್ಣನ್ನು ಒದ್ದೆ ಬಟ್ಟೆಯಿಂದ ಒರೆಸಿ. ಕ್ಲ್ಯಾಂಪ್ ವಿಪರೀತ ಬಿಗಿ ಮಾಡಬೇಡಿ, ಪೋಸ್ಟ್ ಮೇಲೇಳದೆ ಕಚ್ಚಿಕೊಳ್ಳುತ್ತದೆ.