ನಿಮ್ಮ ಪ್ಲಾಸ್ಟಿಕ್ ಕಣಗಳ ಲೇಖನದ ಬಗ್ಗೆ

ನಮಸ್ಕಾರ,

ಕರುಳಿನ ಉರಿಯೂತ ಮತ್ತು ಮೈಕ್ರೋಪ್ಲಾಸ್ಟಿಕ್ (ಪ್ಲಾಸ್ಟಿಕ್‌ನ ಅತಿ ಸಣ್ಣ ಕಣ) ಕುರಿತ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ಕೈಬಿಡಬೇಡಿ.

ತೊಂದರೆ ಮೊದಲ ಸಾಲಿನಲ್ಲೇ ಇದೆ. 'ಪ್ಲಾಸ್ಟಿಕ್ ಕಣಗಳಿಂದಲೇ ಕರುಳಿನ ಕಾಯಿಲೆ ಬರುತ್ತದೆ ಎಂದು ಸಾಬೀತಾಗಿದೆ' ಅಂತ ಬರೆದಿದ್ದೀರಿ. ಸಾಬೀತಾಗಿಲ್ಲ. ನೀವು ನೆಚ್ಚಿಕೊಂಡಿರುವುದು ಚೀನಾದ ನಾನ್‌ಜಿಂಗ್ ಸಂಶೋಧಕರ ಅಧ್ಯಯನವನ್ನು. ಐಬಿಡಿ (ಕರುಳಿನ ದೀರ್ಘಕಾಲದ ಉರಿಯೂತದ ಕಾಯಿಲೆ) ಇರುವವರ ಒಂದು ಗ್ರಾಂ ಒಣ ಮಲದಲ್ಲಿ ಸುಮಾರು 42 ಕಣ, ಆರೋಗ್ಯವಂತರಲ್ಲಿ 28. ಸರಿ. ಆದರೆ ಕಣ ಜಾಸ್ತಿಯಾಗಿ ಕಾಯಿಲೆ ಬಂತೋ, ಕಾಯಿಲೆ ಬಂದ ಮೇಲೆ ಕಣಗಳು ಕರುಳಲ್ಲಿ ಜಾಸ್ತಿ ಉಳಿದವೋ? ಆ ಸಂಶೋಧಕರೇ ಎರಡೂ ಸಾಧ್ಯತೆ ಹೇಳಿದ್ದಾರೆ. ನೀವು ಒಂದನ್ನು ಮಾತ್ರ ಎತ್ತಿಕೊಂಡಿದ್ದೀರಿ.

ಇಲಿಗಳ ಪ್ರಯೋಗದ ಭಾಗವೂ ಹೀಗೇ. ಮೊದಲೇ ಕೊಲೈಟಿಸ್ (ದೊಡ್ಡ ಕರುಳಿನ ಉರಿಯೂತ) ಬರಿಸಿದ ಇಲಿಗಳಿಗೆ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್‌ನ ಕಣ ಕೊಟ್ಟಾಗ ಉರಿಯೂತ ಹೆಚ್ಚಿದ್ದು ಹಲವು ಪ್ರಯೋಗಗಳಲ್ಲಿ ಕಂಡಿದೆ. ಆದರೆ ಅಲ್ಲಿ ಬಳಸುವುದು ಹೆಚ್ಚಾಗಿ ಒಂದೇ ಅಳತೆಯ ದುಂಡನೆಯ ಕಣಗಳನ್ನು. ನಮ್ಮ ಹೊಟ್ಟೆಗೆ ಹೋಗುವುದು ಬಗೆಬಗೆಯ ಪ್ಲಾಸ್ಟಿಕ್‌ನ ಒರಟು ಚೂರು, ಬಟ್ಟೆಯ ಎಳೆ. ಇದನ್ನು ಓದುಗರಿಗೆ ಹೇಳಬೇಕು ಅಲ್ವಾ?

'ವಾರಕ್ಕೊಂದು ಕ್ರೆಡಿಟ್ ಕಾರ್ಡ್‌ನಷ್ಟು ಪ್ಲಾಸ್ಟಿಕ್ ತಿನ್ನುತ್ತೇವೆ' ಎಂಬ ಸಾಲು ತೆಗೆಯಿರಿ. ಆ ಲೆಕ್ಕ ತೀರಾ ಜಾಸ್ತಿ ಎಂದು ಆಮೇಲೆ ಬೇರೆ ಸಂಶೋಧಕರು ತೋರಿಸಿದ್ದಾರೆ.

ನಿಮ್ಮ ನಿಜವಾದ ಲೇಖನ ಮೂರನೇ ಪುಟದಲ್ಲಿ ಅಡಗಿ ಕೂತಿದೆ. ಉರಿಯೂತ ಇರುವ ಕರುಳಿನಲ್ಲಿ ಲೋಳೆಯ ಪದರ ಹದಗೆಟ್ಟಿರುತ್ತದೆ. ಜೀವಕೋಶಗಳ ನಡುವಿನ ಬಿಗಿ ಸಡಿಲವಾಗಿರುತ್ತದೆ. ಆರೋಗ್ಯವಂತ ಕರುಳು ತಡೆದು ಹೊರಗೆ ಕಳಿಸುವ ಸಣ್ಣ ಕಣ ಇಲ್ಲಿ ಒಳಗೆ ನುಸುಳಬಹುದು. ಒಂದೇ ಕಣ ಒಬ್ಬರಿಗೆ ಏನೂ ಮಾಡದೆ, ಇನ್ನೊಬ್ಬರಿಗೆ ತೊಂದರೆ ಕೊಡಬಹುದೇ? ಈ ಪ್ರಶ್ನೆಯನ್ನು ಎರಡೇ ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಇದರ ಮೇಲೆಯೇ ಇಡೀ ಲೇಖನ ಬೇಕು.

ಕೊನೆಯ ಪ್ಯಾರಾವನ್ನಂತೂ ಯಾವ ಕಾರಣಕ್ಕೂ ಹಾಕುವುದಿಲ್ಲ. 'ಪ್ಲಾಸ್ಟಿಕ್ ಬಿಟ್ಟರೆ ಮಾತ್ರೆಯೇ ಬೇಡ' ಎಂದಿದ್ದೀರಿ. ಕ್ರೋನ್ಸ್ ಅಥವಾ ಅಲ್ಸರೇಟಿವ್ ಕೊಲೈಟಿಸ್ (ಐಬಿಡಿಯ ಎರಡು ಮುಖ್ಯ ಬಗೆ) ಇರುವವರು ವರ್ಷಗಟ್ಟಲೆ ನೋವು ತಿಂದು ಬೇಸತ್ತಿರುತ್ತಾರೆ. ಇಂಥ ಮಾತನ್ನು ಬೇಗ ನಂಬುತ್ತಾರೆ. ಔಷಧಿ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಊಟ ಬಿಸಿ ಮಾಡಬೇಡಿ ಅನ್ನಿ, ಅಷ್ಟು ಸಾಕು. ಔಷಧಿಯ ಮಾತು ಅವರ ವೈದ್ಯರಿಗೆ ಬಿಡಿ.

ಮೂರನೇ ಪುಟದಿಂದ ಶುರು ಮಾಡಿ ಮತ್ತೆ ಬರೆಯಿರಿ. ನನಗೇ ಕಳಿಸಿ, ಓದುತ್ತೇನೆ.

ಸಂಪಾದಕ