ಹುಡುಕಿದ್ದು ಯಾರಿಗೆ ಗೊತ್ತಾಗುತ್ತದೆ?

ಪ್ರಶ್ನೆ (ಡೊಂಬಿವಲಿ): ಸರ್ಕ್ಸ್‌ಎನ್‌ಜಿ (SearXNG) ಎಂಬ ಹುಡುಕು ತಂತ್ರಾಂಶದಲ್ಲಿ ಹುಡುಕಿದರೆ ಯಾರಿಗೂ ತಿಳಿಯುವುದಿಲ್ಲ ಅಂತ ಮಗ ಹೇಳುತ್ತಾನೆ. ನಾನು ಹುಡುಕುವುದು ಹೆಚ್ಚಾಗಿ ಕಾಯಿಲೆ, ಔಷಧಿಗಳ ಬಗ್ಗೆ. ನಂಬಬಹುದೇ?

ಉತ್ತರ: ಅರ್ಧ ನಂಬಬಹುದು. ಸರ್ಕ್ಸ್‌ಎನ್‌ಜಿ ಸ್ವತಃ ಜಾಲತಾಣಗಳನ್ನು ಜಾಲಾಡುವುದಿಲ್ಲ. ನಿಮ್ಮ ಪ್ರಶ್ನೆಯನ್ನು ಬೇರೆ ಸರ್ಚ್ ಎಂಜಿನ್‌ಗಳಿಗೆ ಕಳಿಸಿ, ಬಂದ ಉತ್ತರಗಳನ್ನು ಒಟ್ಟುಗೂಡಿಸಿ ಕೊಡುತ್ತದೆ. ನಿಮ್ಮ ಕುಕಿಗಳನ್ನು (ತಾಣಗಳು ನಿಮ್ಮನ್ನು ಗುರುತಿಸಲು ಬ್ರೌಸರಿನಲ್ಲಿ ಇಡುವ ಚಿಕ್ಕ ಕಡತಗಳನ್ನು) ಅವುಗಳಿಗೆ ದಾಟಿಸುವುದಿಲ್ಲ. ಈ ತಂತ್ರಾಂಶವನ್ನು ಯಾರು ಬೇಕಾದರೂ ತಮ್ಮ ಸರ್ವರಿನಲ್ಲಿ ಓಡಿಸಬಹುದು; ಎಂಜಿನ್‌ಗಳಿಗೆ ಕಾಣುವುದು ಆ ಸರ್ವರಿನ ಐಪಿ ವಿಳಾಸ (ಅಂತರ್ಜಾಲದಲ್ಲಿ ಅದರ ಗುರುತಿನ ಸಂಖ್ಯೆ), ನಿಮ್ಮದಲ್ಲ. ಆದರೆ ಆ ಸರ್ವರ್ ನಡೆಸುವವರು ಮನಸ್ಸು ಮಾಡಿದರೆ ನಿಮ್ಮ ಪ್ರಶ್ನೆಗಳನ್ನು ದಾಖಲಿಸಿಕೊಳ್ಳಬಹುದು. ತಂತ್ರಾಂಶದ ಮೂಲ ಸಂಕೇತ (ಸೋರ್ಸ್ ಕೋಡ್) ಎಲ್ಲರಿಗೂ ತೆರೆದಿದೆ ನಿಜ, ಸರ್ವರಿನಲ್ಲಿ ಓಡುತ್ತಿರುವುದು ಅದೇ ಎಂದು ಹೊರಗಿನಿಂದ ಖಚಿತಪಡಿಸಿಕೊಳ್ಳಲಾಗದು. ಹಾಗಾಗಿ ಮಗನನ್ನು ಮೊದಲು ಕೇಳಬೇಕಾದದ್ದು: ಸರ್ವರ್ ಯಾರದು? ಫಲಿತಾಂಶದ ಕೊಂಡಿಯನ್ನು ಒತ್ತಿದ ಮೇಲಂತೂ ಆ ತಾಣಕ್ಕೆ ನಿಮ್ಮದೇ ವಿಳಾಸ ಕಾಣುತ್ತದೆ.

ಪ್ರಶ್ನೆ (ಪುಣೆ): ಮನೆಯ ಹಳೆ ಲ್ಯಾಪ್‌ಟಾಪ್‌ನಲ್ಲಿ ಸರ್ಕ್ಸ್‌ಎನ್‌ಜಿಯನ್ನು ಡಾಕರ್ (ತಂತ್ರಾಂಶಗಳನ್ನು ಸಿದ್ಧ ಪೊಟ್ಟಣವಾಗಿ ಓಡಿಸುವ ಸಾಧನ) ಮೂಲಕ ಹಾಕಿಕೊಂಡೆ. ಎರಡು ದಿನ ಚೆನ್ನಾಗಿತ್ತು. ಈಗ ಒಂದು ಎಂಜಿನ್ ಫಲಿತಾಂಶ ಕೊಡದೆ ‘ಟೂ ಮೆನಿ ರಿಕ್ವೆಸ್ಟ್ಸ್’ ಎನ್ನುತ್ತದೆ.

ಉತ್ತರ: ಆ ಎಂಜಿನ್ ನಿಮ್ಮ ಸರ್ವರನ್ನು ರೋಬಾಟ್ ಎಂದು ಭಾವಿಸಿ ತಡೆದಿದೆ. ಒಂದೇ ಐಪಿಯನ್ನು ಹಲವರು ಹಂಚಿಕೊಳ್ಳುವ ಸಂಪರ್ಕಗಳಲ್ಲಿ (ಮೊಬೈಲ್ ನೆಟ್‌ನಲ್ಲಿ ಇದು ಮಾಮೂಲು) ಇದು ಬೇಗ ಆಗುತ್ತದೆ. ಈ ದೋಷ ಬಂದಾಗ, ಅಥವಾ ಕ್ಯಾಪ್ಚಾ (‘ನೀವು ಮನುಷ್ಯರೇ’ ಎಂಬ ಪರೀಕ್ಷೆ) ಬಂದಾಗ, ಸರ್ಕ್ಸ್‌ಎನ್‌ಜಿ ತಾನೇ ಆ ಎಂಜಿನನ್ನು ಕೆಲಕಾಲ ಬದಿಗಿಡುತ್ತದೆ. ಕಂಟೇನರ್ (ಡಾಕರ್‌ನಲ್ಲಿ ಓಡುತ್ತಿರುವ ಪ್ರತಿ) ಮರುಚಾಲನೆ ಮಾಡಿದರೆ ಈ ಲೆಕ್ಕ ಅಳಿಯುತ್ತದೆ, ಆಚೆಯವರ ತಡೆ ಅಳಿಯುವುದಿಲ್ಲ. ಮತ್ತೆ ಮತ್ತೆ ತಟ್ಟಿದಷ್ಟೂ ತಡೆ ಬಿಗಿಯಾಗುತ್ತದೆ.

ಮಾಡಬೇಕಾದದ್ದು: ಆದ್ಯತೆಗಳ ಪುಟದಲ್ಲಿ ‘ಎಂಜಿನ್ಸ್’ ತೆರೆದು, ಸಾಮಾನ್ಯ ಹುಡುಕಾಟಕ್ಕೆ ಮೂರು ನಾಲ್ಕು ಎಂಜಿನ್ ಮಾತ್ರ ಉಳಿಸಿ. ಟೈಪಿಸುತ್ತಿದ್ದಂತೆ ಸಲಹೆ ತೋರಿಸುವ ಸೌಲಭ್ಯ ಆನ್ ಆಗಿದ್ದರೆ ಆಫ್ ಮಾಡಿ. ಒಂದು ಪದ ಮುಗಿಯುವುದರೊಳಗೆ ಹಲವು ವಿನಂತಿಗಳು ಹೊರಗೆ ಹೋಗಿರುತ್ತವೆ. ಎಂಜಿನ್‌ಗಳು ತಮ್ಮ ಪುಟದ ವಿನ್ಯಾಸ ಬದಲಿಸಿದಾಗಲೂ ಫಲಿತಾಂಶ ನಿಲ್ಲುವುದುಂಟು. ಅದಕ್ಕೆ ಹೊಸ ಡಾಕರ್ ಇಮೇಜ್ (ಕಂಟೇನರ್ ಹುಟ್ಟುವ ಮೂಲ ಪೊಟ್ಟಣ) ಇಳಿಸಿ, ಹಳೆಯ ಕಂಟೇನರ್ ತೆಗೆದು ಹೊಸದು ಎಬ್ಬಿಸಿ. ಬರೀ ರೀಸ್ಟಾರ್ಟ್ ಮಾಡಿದರೆ ಹಳೆಯ ಇಮೇಜೇ ಓಡುತ್ತದೆ. ಸೆಟ್ಟಿಂಗ್ಸ್ ಕಡತ ಇರುವ ಫೋಲ್ಡರನ್ನು ಹೊರಗಿನಿಂದ ಜೋಡಿಸಿಟ್ಟಿದ್ದರೆ ಅದು ಉಳಿಯುತ್ತದೆ, ಇಲ್ಲದಿದ್ದರೆ ಕಂಟೇನರಿನೊಂದಿಗೇ ಹೋಗುತ್ತದೆ.

ನೀವು ಕೇಳದ ಒಂದು ಮಾತು, ಆದರೆ ಮುಖ್ಯವಾದದ್ದು. ಮನೆಯ ಸರ್ವರನ್ನು ನೀವೊಬ್ಬರೇ ಬಳಸುತ್ತಿದ್ದರೆ, ಎಂಜಿನ್‌ಗಳಿಗೆ ಕಾಣುವ ವಿಳಾಸ ನಿಮ್ಮ ಮನೆಯದೇ. ಕುಕಿ ಹೋಗದಿರುವುದೇ ಮುಖ್ಯ ಲಾಭ. ಹಲವರು ಬಳಸುವ ಸರ್ವರಿನಲ್ಲಿ ನಿಮ್ಮ ಪ್ರಶ್ನೆ ಗುಂಪಿನಲ್ಲಿ ಕಲೆತುಹೋಗುತ್ತದೆ. ಟಾರ್ (ವಿಳಾಸ ಮರೆಮಾಡುವ ಜಾಲ) ಮೂಲಕ ಕಳಿಸಬಹುದು, ಆಗ ಕ್ಯಾಪ್ಚಾ ಕಾಟ ಹೆಚ್ಚು. ನಂಬಿಕಸ್ಥ ಗೆಳೆಯರ ನಾಲ್ಕೈದು ಮನೆಗಳು ಸೇರಿ ಒಂದು ಬಾಡಿಗೆ ಸರ್ವರ್ ನಡೆಸುವುದೇ ನನ್ನ ಆಯ್ಕೆ. ಹಾಗೆ ಹೊರಗೆ ತೆರೆಯುವುದಾದರೆ ‘ಲಿಮಿಟರ್’ (ಅತಿಯಾದ ವಿನಂತಿಗಳನ್ನು ತಡೆಯುವ ಸೌಲಭ್ಯ) ಕಡ್ಡಾಯ ಹಾಕಿ, ಇಲ್ಲವಾದರೆ ಬಾಟ್‌ಗಳು ಮುತ್ತುತ್ತವೆ. ಅದಕ್ಕೆ ಜೊತೆಯಲ್ಲಿ ವ್ಯಾಲ್ಕಿ ಎಂಬ ಡೇಟಾಬೇಸ್ ಓಡುತ್ತಿರಬೇಕು.

ಪ್ರಶ್ನೆ (ವಾಸ್ಕೊ): ಕನ್ನಡದಲ್ಲಿ ಹುಡುಕಿದರೂ ಇಂಗ್ಲಿಷ್ ಪುಟಗಳೇ ಬರುತ್ತವೆ. ‘ಹತ್ತಿರದ ದಂತವೈದ್ಯರು’ ಅಂದರೆ ಯಾವುದೋ ದೇಶದವರು ಸಿಗುತ್ತಾರೆ.

ಉತ್ತರ: ನೀವೆಲ್ಲಿದ್ದೀರಿ ಎಂಬುದು ಎಂಜಿನ್‌ಗಳಿಗೆ ತಿಳಿಯುವುದಿಲ್ಲ, ಸರ್ವರ್ ಯುರೋಪಿನಲ್ಲಿದ್ದರೆ ಉತ್ತರವೂ ಅಲ್ಲಿಯದೇ. ‘ಹತ್ತಿರದ’ ಬಿಟ್ಟು ‘ವಾಸ್ಕೊ ದಂತವೈದ್ಯರು’ ಎಂದು ಊರಿನ ಹೆಸರನ್ನೇ ಬರೆಯಿರಿ. ಕನ್ನಡಕ್ಕೆ, ಪ್ರಶ್ನೆಯ ಮೊದಲು ಕೋಲನ್ ಹಾಕಿ, ಅದಕ್ಕೆ ಅಂಟಿಸಿ ಕೆ, ಎನ್ ಎಂಬ ಎರಡು ಇಂಗ್ಲಿಷ್ ಅಕ್ಷರ ಟೈಪ್ ಮಾಡಿ, ಜಾಗ ಬಿಟ್ಟು ಮುಂದುವರಿಸಿ. ಎಲ್ಲ ಎಂಜಿನ್‌ಗಳಿಗೂ ಕನ್ನಡ ತಿಳಿಯದು, ಆದ್ದರಿಂದ ಕೆಲವು ಇಂಗ್ಲಿಷ್ ಪುಟಗಳು ನುಸುಳುತ್ತವೆ. ಆದ್ಯತೆಗಳಲ್ಲಿ ಭಾಷೆಯನ್ನು ಕಾಯಂ ಕನ್ನಡಕ್ಕೆ ಇಡಬಹುದು. ಅದು ಉಳಿಯುವುದು ಕುಕಿಯಲ್ಲಿ. ಬ್ರೌಸರ್ ಮುಚ್ಚಿದಾಗ ಕುಕಿ ಅಳಿಸುವ ಅಭ್ಯಾಸವಿದ್ದರೆ, ‘ಕುಕೀಸ್’ ಪುಟದಲ್ಲಿ ಸಿಗುವ ವಿಳಾಸವನ್ನು ಬುಕ್‌ಮಾರ್ಕ್ ಮಾಡಿಟ್ಟುಕೊಳ್ಳಿ.